ಎರವಲು ಸಂಘ

ನಮ್ಮ ಸಂಘಕ್ಕೆ ಸರ್ಕಾರದ ಕಾಗದಪತ್ರಗಳಲ್ಲಿ ಉದ್ದನೆಯ ಹೆಸರೊಂದಿದೆ. ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದವರನ್ನು ನಾನಿನ್ನೂ ನೋಡಿಲ್ಲ. ನಮ್ಮ ಅಂಗಳದ ಸುತ್ತಲಿನ ಕಟ್ಟಡಗಳ ಜನ ಮಾತ್ರ ಮೊದಲಿನಿಂದಲೂ ಎರವಲು ಸಂಘ ಎಂದೇ ಕರೆಯುತ್ತಾರೆ. ಅತ್ತಿಗೆಗೆ ಆ ಹೆಸರು ಕಂಡರಾಗದು, ಕೈಯೊಡ್ಡುವವರ ಗುಂಪಿನ ಹಾಗೆ ಕೇಳಿಸುತ್ತದಂತೆ. ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ, ಸಂಘದ ಅಧ್ಯಕ್ಷೆ. ನಾನು ನೆಲಮಹಡಿಯಲ್ಲಿ ಬಟ್ಟೆ ಹೊಲಿಯುವವಳು, ಸಂಘದ ಸದಸ್ಯೆ, ಅತ್ತಿಗೆಯ ಪ್ರಕಾರ ಸಂಘದ ಬಾಯಿಬಡುಕಿ.

ಸಂಘವನ್ನು ಶುರು ಮಾಡಿದ್ದು ನಮ್ಮಮ್ಮ. ತಾನು ಶುರು ಮಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೆ. ಕಟ್ಟಡದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಹೆತ್ತರೆ, ಕೆಲಸ ಕಳೆದುಕೊಂಡು ಬಾಗಿಲು ಹಾಕಿಕೊಂಡು ಕೂತರೆ, ಅಮ್ಮ ಅವರ ಮನೆಗೆ ಹೋಗಿ ಏನಾದರೂ ಎರವಲು ಕೇಳುತ್ತಿದ್ದಳು. ಒಂದು ಸುತ್ತಿಗೆ, ಒಂದು ಸೌಟು, ಒಂದು ಛತ್ರಿ. ಹುಷಾರಾಗಿದ್ದೀರಾ ಎಂದು ಕೇಳಿಕೊಂಡು ಹೋದವರನ್ನು ಜನ ಬಾಗಿಲ ಸಂದಿಯಿಂದಲೇ ಹುಷಾರಾಗಿದ್ದೇವೆ ಎಂದು ಹೇಳಿ ಸಾಗಹಾಕುತ್ತಾರೆ. ಏನಾದರೂ ಕೊಡಲು ಹೋದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಕೇಳಲು ಹೋದರೆ ಹಾಗಲ್ಲ. ಅವರು ಬಾಗಿಲನ್ನು ಪೂರ್ತಿ ತೆಗೆಯಬೇಕು, ನಿಮ್ಮನ್ನು ಒಳಗೆ ನಿಲ್ಲಿಸಿಕೊಂಡು ಹುಡುಕಬೇಕು, ಹುಡುಕುತ್ತ ಮಾತಾಡಬೇಕು. ಅಷ್ಟರಲ್ಲಿ ಒಲೆ ಹತ್ತಿದೆಯೇ, ಹಾಸಿಗೆ ಮಡಿಸಿದೆಯೇ, ಕಣ್ಣು ಊದಿದೆಯೇ ಎಂದು ಅಮ್ಮ ನೋಡಿ ಮುಗಿಸಿರುತ್ತಿದ್ದಳು. ಮರುದಿನ ತಂದದ್ದನ್ನು ವಾಪಸ್ ಕೊಡುವ ನೆಪದಲ್ಲಿ ಇನ್ನೊಂದು ಸಲ ಹೋಗುತ್ತಿದ್ದಳು.

ಅವಳಿಗೆ ಅವಳದೇ ಕಟ್ಟುನಿಟ್ಟುಗಳಿದ್ದವು. ಅವರ ಮನೆಯಲ್ಲಿ ಇದೆಯೆಂದು ಗೊತ್ತಿರುವುದನ್ನೇ ಕೇಳಬೇಕು. ಅದೇ ದಿನ ಹಿಂದಿರುಗಿಸಬಾರದು, ಬೇರೆಯವರ ಕೈಯಲ್ಲಿ ಕಳಿಸಬಾರದು. ಏನೇ ಆಗಲಿ, ವಾಪಸ್ ಕೊಡದೆ ಇರಬಾರದು. ಅಮ್ಮನನ್ನು ನೋಡಿ ಬೇರೆ ಹೆಂಗಸರೂ ಕಲಿತರು. ಒಬ್ಬೊಬ್ಬರ ಅಡುಗೆಮನೆಯಲ್ಲೂ ಊರವರ ಸುತ್ತಿಗೆ, ಸೌಟುಗಳನ್ನು ಒಂದು ರಾತ್ರಿ ಇಡುವುದಕ್ಕೆಂದೇ ಒಂದು ಗೂಡು ಇತ್ತು. ತಂದದ್ದನ್ನು ಯಾರೂ ಬಳಸುತ್ತಿರಲಿಲ್ಲ. ಕೊಟ್ಟವರಿಗೂ ಅದು ಗೊತ್ತಿತ್ತು, ಕೇಳಿದವರಿಗೆ ಸುತ್ತಿಗೆ ಬೇಕಿಲ್ಲ ಎಂಬುದೂ ಗೊತ್ತಿತ್ತು. ಆದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ, ಬಾಗಿಲು ಮಾತ್ರ ತೆಗೆಯುತ್ತಿದ್ದರು.

ಅಮ್ಮನ ದಾರಿಯಿಂದ ಎಲ್ಲವೂ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಎದುರು ಕಟ್ಟಡದ ಒಬ್ಬ ಟೀಚರ್ ಎಂತಹದೋ ಮಂಕು ಹಿಡಿದು ಕೂತಾಗ ಅಮ್ಮ ತಿಂಗಳುಗಟ್ಟಲೆ ಅವರ ಮನೆಯ ಪಾತ್ರೆಪಗಡವನ್ನೆಲ್ಲ ಎರವಲು ತಂದಳು, ಕೊಟ್ಟಳು. ಬಾಗಿಲೇನೋ ತೆರೆಯಿತು. ಒಳಗೆ ಹೋದ ಮೇಲೆ ಏನು ಮಾಡಬೇಕೆಂದು ಅಮ್ಮನಿಗೆ ತಿಳಿಯಲಿಲ್ಲ. ಒಂದು ದಿನ ಆ ಟೀಚರನ್ನು ಅವರ ಅಣ್ಣ ಬಂದು ಕರೆದುಕೊಂಡು ಹೋದರು, ಆಮೇಲೆ ಏನಾಯಿತೋ ನಮಗೆ ಗೊತ್ತಾಗಲಿಲ್ಲ. ಆ ಸಂಕಟ ಅಮ್ಮನಿಗೆ ಕೊನೆಯವರೆಗೂ ಇತ್ತು.

ಹಾಗಾಗಿ ಆರೋಗ್ಯ ಇಲಾಖೆಯ ಮೇಡಂ ಬಂದು, ನೀವೂ ನಾವೂ ಸೇರಿ ಕೆಲಸ ಮಾಡೋಣ ಎಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಮೇಡಂ ಮೊದಲು ಮನೆಮನೆಗೆ ಹೋಗುವ ನರ್ಸ್ ಆಗಿದ್ದವರು. ಹೆರಿಗೆಯಾದ ಮನೆಗಳಿಗೆ ಅವರ ಸಿಬ್ಬಂದಿ ಹೋದರೆ ಅರ್ಧಕ್ಕರ್ಧ ಬಾಗಿಲು ತೆರೆಯುವುದಿಲ್ಲ, ತೆರೆದವರು ನಿಜ ಹೇಳುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ನಿಮಗೆ ಬಾಗಿಲು ತೆರೆಯುತ್ತಾರಂತಲ್ಲ, ಹೇಗೆ ಎಂದು ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅತ್ತಿಗೆ ನನ್ನ ಕಾಲು ತುಳಿದು, ಜನಕ್ಕೆ ನಮ್ಮ ಮೇಲೆ ವಿಶ್ವಾಸ ಎಂದುಬಿಟ್ಟಳು. ಸರ್ಕಾರದವರ ಮುಂದೆ ಸೌಟಿನ ಕಥೆ ಹೇಳಲು ಅವಳಿಗೆ ನಾಚಿಕೆ.

ಒಪ್ಪಂದವಾಯಿತು. ನಮಗೆ ತರಬೇತಿ ಕೊಟ್ಟರು. ಮಗುವಿನ ತೂಕ ನೋಡುವ ಪುಟ್ಟ ತಕ್ಕಡಿ, ಜ್ವರದ ಕಡ್ಡಿ, ಕೇಳಬೇಕಾದ ಪ್ರಶ್ನೆಗಳು, ಎಲ್ಲವೂ ಇರುವ ಒಂದೊಂದು ಚೀಲ ಬಂತು. ಭೇಟಿಗೆ ಹೋಗುವಾಗ ಎಲ್ಲರೂ ಹಾಕಿಕೊಳ್ಳಬೇಕಾದ ನೀಲಿ ಕೋಟು ಹೊಲಿಯುವ ಕೆಲಸ ನನಗೇ ಸಿಕ್ಕಿತು. ಒಪ್ಪಂದದಲ್ಲಿ ಒಂದು ಮಾತು ದಪ್ಪಕ್ಷರದಲ್ಲಿತ್ತು: ಭೇಟಿ ಕೊಟ್ಟ ಮನೆಯಿಂದ ಯಾವುದೇ ವಸ್ತುವನ್ನು ತೆಗೆದುಕೊಳ್ಳಕೂಡದು. ಇನ್ನೆಲ್ಲೋ ಒಂದು ಕಡೆ ಸ್ವಯಂಸೇವಕರು ಮನೆಮನೆಯಿಂದ ಉಡುಗೊರೆ ವಸೂಲಿ ಮಾಡಿ ದೊಡ್ಡ ರಾದ್ಧಾಂತವಾಗಿತ್ತಂತೆ. ನಿಯಮ ಸರಿಯಾದದ್ದೇ. ನಾನು ಅತ್ತಿಗೆಯ ಮುಖ ನೋಡಿದೆ.

"ಇನ್ನೂ ಸೂಜಿ ಕೊಡಿ, ಸೌಟು ಕೊಡಿ ಅಂತ ತಿರುಗ್ತೀಯೇನೇ?" ಎಂದಳು ಅತ್ತಿಗೆ. "ನಾವೀಗ ಇಲಾಖೆಯವರು ಕಣೇ."

ಸಂಘದ ಉಳಿದವರಿಗೂ ಹಾಗೇ ಅನ್ನಿಸಿತ್ತು. ಎಷ್ಟೋ ವರ್ಷ ಬೇಡದ ಛತ್ರಿಗಳನ್ನು ಕೇಳಿ ಕೇಳಿ ಅವರೂ ದಣಿದಿದ್ದರು. ಕೋಟಿನ ಅಳತೆ ಕೊಡಲು ಬಂದಾಗ ಒಬ್ಬೊಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತ ರೀತಿ ನೋಡಿ ನನಗೂ ಏನೂ ಹೇಳಲು ಮನಸ್ಸಾಗಲಿಲ್ಲ. ಅಡುಗೆಮನೆಗಳ ಗೂಡುಗಳಲ್ಲಿ ತಕ್ಕಡಿಗಳು ಬಂದು ಕೂತವು.

ಅದೇ ಸಮಯದಲ್ಲಿ ನನ್ನ ತಂಗಿಗೆ ಹೆರಿಗೆಯಾಯಿತು. ತಂಗಿ ಎದುರು ಕಟ್ಟಡದ ಮೇಲಿನ ಮಹಡಿಯಲ್ಲಿದ್ದಾಳೆ. ಗಂಡ ಸರಕು ಹಡಗಿನಲ್ಲಿ ಕೆಲಸ ಮಾಡುವವನು, ಮಗುವಿನ ಮುಖ ನೋಡಿದ ಮೇಲೆ ಮತ್ತೆ ಸಮುದ್ರಕ್ಕೆ ಹೋದ. ನಮ್ಮಿಬ್ಬರಿಗೂ ವಯಸ್ಸಿನ ಅಂತರ ಬಹಳ, ಅವಳನ್ನು ಅರ್ಧ ಸಾಕಿದವಳೇ ನಾನು. ನಾಲಿಗೆ ಮಾತ್ರ ಅವಳದು ನನಗಿಂತ ಹರಿತ. ನಾನು ಒಂದು ಅಂದರೆ ಅವಳು ಹತ್ತು ಅನ್ನುವವಳು. ಅಮ್ಮನ ಜೊತೆ ಎಲ್ಲರಿಗಿಂತ ಹೆಚ್ಚು ಎರವಲು ತಿರುಗಿದವಳೂ ಅವಳೇ.

ನಾನು ಕೋಟು ಹಾಕಿಕೊಂಡು, ಚೀಲ ತೆಗೆದುಕೊಂಡು ಅವಳ ಮನೆಗೆ ಹೋದೆ. ಸ್ವಂತ ತಂಗಿಯ ಮನೆಗೆ ಕೋಟೇಕೆ ಎಂದು ಕೇಳಿದರೆ, ಆ ಮಹಡಿ ನನ್ನ ಪಾಲಿಗೆ ಬಂದಿತ್ತು, ನಿಯಮ ನಿಯಮವೇ. ಮಗುವಿನ ತೂಕ ಚೆನ್ನಾಗಿತ್ತು. ಮನೆ ಕನ್ನಡಿಯಷ್ಟು ಚೊಕ್ಕಟವಾಗಿತ್ತು. ನಿದ್ದೆ ಬರುತ್ತಾ ಎಂದು ಕೇಳಿದೆ, ಬರುತ್ತೆ ಎಂದಳು. ಊಟ ಸೇರುತ್ತಾ ಎಂದೆ, ಸೇರುತ್ತೆ ಎಂದಳು. ಮನಸ್ಸಿಗೆ ಬೇಜಾರು, ಹೆದರಿಕೆ ಏನಾದರೂ ಎಂದೆ. ಇಲ್ಲ ಎಂದಳು. ಮುಂದಿನ ಸಲ ಹೋದಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಒಂದೇ ಒಂದು ಕೊಂಕು ಮಾತಿಲ್ಲ, ನನ್ನ ಕೋಟಿನ ತೋಳು ಉದ್ದವಾಯಿತು ಎಂಬ ಕುಹಕವೂ ಇಲ್ಲ. ತಾಯಿಯಾದ ಮೇಲೆ ಹುಡುಗಿಗೆ ಗಾಂಭೀರ್ಯ ಬಂತು ಎಂದುಕೊಂಡು ಮೆಟ್ಟಿಲಿಳಿದು ಬಂದೆ.

ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಗ್ಗೆ ಅವಳೇ ನನ್ನ ಬಾಗಿಲಿಗೆ ಬಂದಳು. ಸೇಫ್ಟಿ ಪಿನ್ನು ಇದೆಯಾ ಎಂದು ಕೇಳಿದಳು. ಪಕ್ಕದ ಬಡಾವಣೆಯ ಸಂಘಕ್ಕೂ ಕೋಟು ಬೇಕೆಂದು ಇಲಾಖೆ ಹೇಳಿ, ನಾನು ತಲೆ ಎತ್ತಲಾಗದಷ್ಟು ಕೆಲಸದಲ್ಲಿದ್ದೆ. ಮಗು ಎಲ್ಲಿ ಎಂದೆ, ಮಲಗಿದೆ ಎಂದಳು. ಮಗುವನ್ನು ಒಂಟಿಯಾಗಿ ಬಿಟ್ಟು ಪಿನ್ನಿಗಾಗಿ ಅಷ್ಟು ಮೆಟ್ಟಿಲು ಇಳಿಯುವುದುಂಟೇ ಎಂದು ಬೈದು, ಪಿನ್ನು ಕೊಟ್ಟು ಕಳಿಸಿದೆ. ಮರುದಿನ ಪಿನ್ನು ವಾಪಸ್ ತಂದಳು. ಒಂದು ಪಿನ್ನನ್ನು ಯಾರು ವಾಪಸ್ ತರುತ್ತಾರೆ? ನನಗೆ ನಗು ಬಂತು. ಆಗ ಜರಡಿ ಕೇಳಿದಳು. ಗೋಡೆಯ ಮೊಳೆಯಿಂದ ತೆಗೆದು ಕೊಟ್ಟೆ. ಅದರ ಮಾರನೇ ದಿನ ಜರಡಿಯೊಂದಿಗೆ ಬಂದಾಗ ನನ್ನ ಬಾಯಿ ತುಂಬ ಗುಂಡುಸೂಜಿಗಳಿದ್ದವು. ಅಲ್ಲೇ ನೇತುಹಾಕು ಎಂದು ಗದ್ದದಿಂದ ಮೊಳೆ ತೋರಿಸಿದೆ. ನೇತುಹಾಕಿದಳು. ಇನ್ನೇನೋ ಕೇಳುವವಳ ಹಾಗೆ ನಿಂತಿದ್ದಳು, ಯಂತ್ರದ ಸದ್ದು ನಿಲ್ಲಲಿಲ್ಲವೆಂದು ಹೊರಟುಹೋದಳು.

ಆ ಸಂಜೆ ಹಿಟ್ಟು ಜರಡಿ ಹಿಡಿಯಲು ಅದನ್ನು ಕೈಗೆ ತೆಗೆದುಕೊಂಡೆ. ಅಂಚಿನಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಅದರ ಮೇಲೆ ನಾನು ಹೋದ ವಾರ ಅವಸರದಲ್ಲಿ ಹಿಡಿದಿದ್ದ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆಯೇ ಇತ್ತು. ಅವಳು ಅದನ್ನು ಬಳಸಿಯೇ ಇರಲಿಲ್ಲ. ಬಳಸಬೇಕಾಗಿಯೂ ಇರಲಿಲ್ಲ, ಅವಳಲ್ಲಿ ನನ್ನದಕ್ಕಿಂತ ಒಳ್ಳೆಯ ಜರಡಿಯಿದೆ, ತಂದುಕೊಟ್ಟವಳೇ ನಾನು. ಬಳಸದೆ ಒಂದು ರಾತ್ರಿ ಗೂಡಿನಲ್ಲಿ ಕೂತು ಬಂದ ವಸ್ತು ಹೇಗಿರುತ್ತದೆಂದು ಈ ಕಟ್ಟಡಗಳಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮಲ್ಲಿ ಎರವಲು ಕೇಳುವವರು ಬಾಗಿಲ ಒಳಗಿರುವವರ ಚಿಂತೆಯಿಂದ ಬರುತ್ತಾರೆ. ಅವಳು ಬಾಗಿಲ ಹೊರಗೆ ನಿಂತವಳ, ಅಂದರೆ ತನ್ನದೇ, ಚಿಂತೆಯಿಂದ ಬಂದಿದ್ದಳು. ಬೇರೆ ಯಾವ ರೀತಿಯಲ್ಲಿ ಕೇಳಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ಕಲಿಸಿದ್ದು ಅದೊಂದೇ.

ಒಲೆ ಆರಿಸಿ ಹೊರಟೆ. ಕೋಟು ಮೊಳೆಯಲ್ಲೇ ಇತ್ತು, ಚೀಲ ಗೂಡಿನಲ್ಲೇ ಇತ್ತು. ಅಂಗಳದಲ್ಲಿ ಸೈಕಲ್ಲುಗಳ ನಡುವೆ ಅತ್ತಿಗೆ ಸಿಕ್ಕಿದಳು. ಚೀಲ ಇಲ್ಲದೆ ಎಲ್ಲಿಗೆ ಎಂದಳು. ಎರವಲು ತರೋಕೆ ಎಂದೆ. ಅವಳು ನನ್ನ ಮುಖ ನೋಡಿ, ದಾರಿಗೆ ಅಡ್ಡವಿದ್ದ ಸೈಕಲ್ಲನ್ನು ಪಕ್ಕಕ್ಕೆ ಸರಿಸಿದಳು.

ಮೆಟ್ಟಿಲು ಹತ್ತುವಾಗ ಏನು ಕೇಳುವುದೆಂದು ಯೋಚಿಸಿದೆ. ಸೂಜಿ, ಸೌಟು ಅವಳ ಹತ್ತಿರ ನಡೆಯುವುದಿಲ್ಲ. ಈ ವಿದ್ಯೆಯಲ್ಲಿ ಅವಳು ನನಗಿಂತ ಪಳಗಿದವಳು. ಮೇಲಿನ ಮಹಡಿ ಹತ್ತಿರವಾದಂತೆ ಮಗುವಿನ ಅಳು ಕೇಳಿಸಿತು. ಬಾಗಿಲು ತಟ್ಟಿದೆ. ತಂಗಿ ಮಗುವನ್ನು ಎತ್ತಿಕೊಂಡೇ ಬಾಗಿಲು ತೆಗೆದಳು. ಎತ್ತಿಕೊಂಡಿದ್ದಳು ಎನ್ನುವುದಕ್ಕಿಂತ, ಬೇರೆಯವರು ಹಿಡಿದುಕೋ ಎಂದು ಕೊಟ್ಟು ಹೋದ ಗಂಟನ್ನು ಹಿಡಿದ ಹಾಗೆ ಹಿಡಿದಿದ್ದಳು.

"ತೂಕ ನೋಡ್ಬೇಕಾ?" ಎಂದಳು.

"ಇಲ್ಲ. ಎರವಲು ಬೇಕಿತ್ತು."

ಅವಳ ತುಟಿಯ ತುದಿ ಸ್ವಲ್ಪ ಅಲುಗಿತು. "ಏನು, ಸೂಜಿನಾ?"

"ಮಗು," ಎಂದೆ. "ನಂಗೆ ಸ್ವಲ್ಪ ಹೊತ್ತು ಮಗು ಬೇಕಿತ್ತು."

ನಾನು ಕೈ ಚಾಚುವ ಮೊದಲೇ ಮಗು ನನ್ನ ತೋಳಲ್ಲಿತ್ತು. ಅಷ್ಟು ಬೇಗ ಯಾರೂ ನನಗೆ ಏನನ್ನೂ ಎರವಲು ಕೊಟ್ಟಿರಲಿಲ್ಲ. ಅವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು.

"ಅಕ್ಕ, ವಾಪಸ್ ತರ್ಲೇಬೇಕಾ?"

ಬೈಯಬೇಕೆನ್ನಿಸಿತು, ಅಪ್ಪಿಕೊಳ್ಳಬೇಕೆನ್ನಿಸಿತು. ಎರಡನ್ನೂ ಮಾಡದೆ ಅಮ್ಮನ ಮಾತನ್ನೇ ಹಿಡಿದುಕೊಂಡೆ.

"ತರ್ಲೇಬೇಕು. ಯಾವಾಗ ಅಂತ ಮಾತ್ರ ನೀನೇ ಹೇಳು."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಹೇಳಿದಳು. ನಿದ್ದೆ ಎಂಬುದನ್ನೇ ಕಂಡಿರಲಿಲ್ಲವಂತೆ. ಮಗು ಅತ್ತರೆ ಬೇರೆ ಯಾರದೋ ಮನೆಯಲ್ಲಿ ಯಾರೋ ಅತ್ತ ಹಾಗೆ ಕೇಳಿಸುತ್ತದಂತೆ. ಅದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಲು ಅವಳಿಗೆ ತನ್ನ ಕೈಗಳ ಮೇಲೆಯೇ ಹೆದರಿಕೆ. ಅದಕ್ಕೇ ಮಗುವನ್ನು ಮಲಗಿಸಿ, ಅದರಿಂದ ದೂರ ಇರಲೆಂದು ಮೆಟ್ಟಿಲಿಳಿದು ನನ್ನ ಬಾಗಿಲಿಗೆ ಬರುತ್ತಿದ್ದಳು. ನಾನು ಬಂದು ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ.

"ನೀನು ಚೀಲ ತಗೊಂಡು ಬಂದಿದ್ದೆ," ಎಂದಳು. "ಚೀಲಕ್ಕೆ ಹೇಳಿದ್ರೆ ಇಲಾಖೆಗೆ ಹೇಳಿದ ಹಾಗೆ. ಇವಳ ಕೈಲಿ ಆಗಲ್ಲ ಅಂತ ಮಗೂನ ಕಿತ್ಕೊಂಡ್ರೆ?"

ಮಗುವನ್ನು ವಾಪಸ್ ತರಲೇಬೇಕೇ ಎಂದು ಕೇಳಿದವಳೂ ಅವಳೇ, ಕಿತ್ತುಕೊಂಡರೆ ಎಂದು ನಡುಗಿದವಳೂ ಅವಳೇ. ಎರಡೂ ನಿಜವೆಂದು ನನಗೆ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆ ರಾತ್ರಿ ಅವಳ ಮನೆಯಲ್ಲೇ ಉಳಿದೆ. ಬೆಳಗ್ಗೆ, ಒಬ್ಬರಿಗೆ ಹೇಳುತ್ತೇನೆ, ಬೇಕಾದರೆ ನನ್ನ ಮೇಲೆ ಕೋಪ ಮಾಡಿಕೋ ಎಂದೆ. ಎದುರು ಕಟ್ಟಡದ ಟೀಚರ ನೆನಪು ನನಗಿತ್ತು. ಅವಳಿಗೂ ಇದ್ದಿರಬೇಕು, ಬೇಡ ಎನ್ನಲಿಲ್ಲ.

ಮೇಡಂ ಕಚೇರಿಗೆ ಹೋಗಿ ಎಲ್ಲ ಹೇಳಿದೆ. ಸೌಟಿನ ಕಥೆಯನ್ನೂ ಸುತ್ತಿಗೆಯ ಕಥೆಯನ್ನೂ ಬಿಡಲಿಲ್ಲ. ಈ ಸಲ ನನ್ನ ಕಾಲು ತುಳಿಯಲು ಅತ್ತಿಗೆ ಪಕ್ಕದಲ್ಲಿರಲಿಲ್ಲ. ಮಗುವನ್ನು ಕಿತ್ತುಕೊಳ್ಳುತ್ತೀರಾ ಎಂದು ನೇರವಾಗಿ ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ ಎಂದು ಕಾಣುತ್ತದೆ, ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೇಡಂಗೆ ಸಿಟ್ಟು ಬರಲಿಲ್ಲ. ಹೆತ್ತ ಮೇಲೆ ಹೀಗಾಗುವುದು ಒಂದು ಕಾಯಿಲೆ, ಅದಕ್ಕೆ ಔಷಧವಿದೆ, ಡಾಕ್ಟರಿದ್ದಾರೆ, ತಾಯಿಯನ್ನೂ ಮಗುವನ್ನೂ ಅಗಲಿಸುವ ಮಾತೇ ಇಲ್ಲ ಎಂದರು. ಆಮೇಲೆ ಕೊರಳಿನ ಗುರುತಿನ ಚೀಟಿ ತೆಗೆದು ಡ್ರಾಯರಿನಲ್ಲಿಟ್ಟು, ನನ್ನಂಥ ಹೊಸಬಳು ಏನು ಎರವಲು ಕೇಳಿದರೆ ಸರಿಯಾಗಿರುತ್ತದೆ ಎಂದು ನನ್ನನ್ನೇ ಕೇಳಿದರು. ಏನಾದರೂ ಸಣ್ಣದು ಎಂದೆ.

ತಂಗಿಯ ಬಾಗಿಲಲ್ಲಿ ನಿಂತು ಆ ಮಹಾತಾಯಿ ಬಾಚಣಿಗೆ ಕೇಳಿದರು. ಗುರುತು ಪರಿಚಯ ಇಲ್ಲದವರನ್ನು ಯಾರಾದರೂ ಬಾಚಣಿಗೆ ಕೇಳುತ್ತಾರೆಯೇ? ನಾನು ಹಣೆ ಚಚ್ಚಿಕೊಂಡೆ. ತಂಗಿ ಅವರ ಗಾಳಿಗೆದ್ದ ಕೂದಲನ್ನು ನೋಡಿದಳು, ನನ್ನನ್ನು ನೋಡಿದಳು, ಎಷ್ಟೋ ದಿನದ ಮೇಲೆ ಅವಳ ನಗು ಹೊರಗೆ ಬಂತು. ಇಲಾಖೆಯವರಾ ಎಂದು ಕೇಳಿದಳು. ಹೌದು ಎಂದರು ಮೇಡಂ. ಒಳಗೆ ಬನ್ನಿ ಎಂದು ಬಾಚಣಿಗೆ ತರಲು ಹೋದಳು. ಬಾಗಿಲು ಹಾಕಿಕೊಂಡು ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಅದೇ ವಾರ ಡಾಕ್ಟರ ಭೇಟಿಯಾಯಿತು, ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಕೂತು ಮಾತಾಡಲು ಆಸ್ಪತ್ರೆಯಲ್ಲಿ ಒಬ್ಬರನ್ನು ಗೊತ್ತು ಮಾಡಿದರು. ಬಾಗಿಲ ಆಚೆಗೆ ಏನು ಮಾಡಬೇಕೆಂದು ಅಮ್ಮನಿಗೆ ತಿಳಿಯದೆ ಹೋದದ್ದು ಇವರಿಗೆ ತಿಳಿದಿತ್ತು. ಅಮ್ಮ ಇದ್ದಿದ್ದರೆ ಇದನ್ನು ನೋಡಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು.

ಮುಂದಿನ ಸಭೆಯಲ್ಲಿ ದಪ್ಪಕ್ಷರದ ನಿಯಮದ ಮಾತು ಬಂತು. ಅದನ್ನು ತೆಗೆದುಹಾಕುವ ಅಧಿಕಾರ ತನಗಿಲ್ಲ ಎಂದು ಮೇಡಂ ಹೇಳಿದರು. ಆಗ ಬಾಯಿ ತೆಗೆದದ್ದು ನಾನಲ್ಲ, ಅತ್ತಿಗೆ. ಜರಡಿಯ ವಿಷಯ ಕೇಳಿದ ದಿನದಿಂದ ಅವಳು ಕೋಟು ಹಾಕುವುದನ್ನು ಕಡಿಮೆ ಮಾಡಿದ್ದಳು.

"ವಾಪಸ್ ಕೊಡೋದನ್ನ ತಗೊಂಡಿದ್ದು ಅಂತ ಹೇಗೆ ಹೇಳ್ತೀರಾ ಮೇಡಂ?" ಎಂದಳು. "ನಮ್ಮತ್ತೆ ಯಾರ ಮನೆಯಿಂದಾನೂ ಏನೂ ತಗೊಂಡೋರಲ್ಲ."

ಮೇಡಂ ಮೇಲಿನವರಿಗೆ ಬರೆದರು. ಎರವಲು ಎಂದರೆ ಏನೆಂದು ವಿವರಿಸಿ ಎಂದು ಅವರು ತಿರುಗಿ ಬರೆದರು. ಆ ವಿವರಣೆ ಬರೆಯಲು ಕೂತಾಗ ನಾವು ಬಿದ್ದು ಬಿದ್ದು ನಕ್ಕೆವು. ಇನ್ನೂ ಉತ್ತರ ಬಂದಿಲ್ಲ. ಅಲ್ಲಿಯವರೆಗೆ, ಯಾವ ಮನೆಗೇ ಆಗಲಿ ಮೊದಲ ಸಲ ಕೋಟು, ಚೀಲ ಇಲ್ಲದೆ ಹೋಗಬಹುದು ಎಂದು ಮೇಡಂ ಒಪ್ಪಿದ್ದಾರೆ. ಹೋದವರ ಕೈಯಲ್ಲಿ ಬರುವಾಗ ಒಂದು ಛತ್ರಿಯಿದ್ದರೆ ಅವರು ನೋಡುವುದಿಲ್ಲ.

ಇತ್ತ ನಾನು ಪ್ರತಿ ಮಧ್ಯಾಹ್ನ ಮಗುವನ್ನು ಎರವಲು ತರುತ್ತಿದ್ದೆ. ಕತ್ತರಿಸಿ ಉಳಿದ ನೀಲಿ ಬಟ್ಟೆಯ ಗುಡ್ಡೆಯ ಮೇಲೆ ಮಲಗಿಸಿದರೆ ಹೊಲಿಗೆ ಯಂತ್ರದ ಸದ್ದಿಗೆ ಅದು ಕಣ್ಣು ಮುಚ್ಚುತ್ತಿತ್ತು, ನಿಲ್ಲಿಸಿದರೆ ಎಚ್ಚರವಾಗುತ್ತಿತ್ತು. ಹಾಗಾಗಿ ಕೆಲಸವಿಲ್ಲದಿದ್ದರೂ ಬರೀ ಬಟ್ಟೆಯ ಮೇಲೆ ಹೊಲಿಗೆ ಓಡಿಸುತ್ತಿದ್ದೆ. ತಂಗಿ ಆ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದಳು. ಬೆಳಕು ಅಂಗಳದ ನಲ್ಲಿಯಿಂದ ಸೈಕಲ್ಲುಗಳ ಕಡೆಗೆ ಸರಿದ ಮೇಲೆ ನಾನು ಮಗುವನ್ನು ಅವಳಿಗೆ ಕೊಟ್ಟು ಬರುತ್ತಿದ್ದೆ. ಮೊದಮೊದಲು ಅವಳು ಬಾಗಿಲಲ್ಲಿ ಮಗುವನ್ನು ತೆಗೆದುಕೊಳ್ಳುವ ಮುಂಚೆ ಕೈ ಒರೆಸಿಕೊಳ್ಳುತ್ತ ತಡಮಾಡುತ್ತಿದ್ದಳು. ನಾನು ಆತುರಪಡಿಸಲಿಲ್ಲ. ಕೆಲವು ದಿನ ಒಳ್ಳೆಯದಿರುತ್ತಿತ್ತು, ಮರುದಿನ ಮತ್ತೆ ಮೊದಲಿನಂತೆಯೇ. ಹಾಗೇ ತಿಂಗಳುಗಳು ಕಳೆದವು.

ನಿನ್ನೆ ಮಗುವನ್ನು ತಂದು ಮಲಗಿಸಿ, ಒಂದು ತೋಳಿನ ಹೊಲಿಗೆಯನ್ನೂ ಮುಗಿಸಿರಲಿಲ್ಲ, ಬಾಗಿಲು ಬಡಿದ ಸದ್ದಾಯಿತು. ತಂಗಿ ನಿಂತಿದ್ದಳು. ತಲೆ ಕೆದರಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಏನಾಯಿತು, ನಿದ್ದೆ ಬರಲಿಲ್ಲವಾ ಎಂದು ಕೇಳಿದೆ. ಬಂದಿತ್ತು, ಎಚ್ಚರವಾಯಿತು, ಮನೆ ಖಾಲಿ ಇತ್ತು ಎಂದಳು. ಇನ್ನೂ ಹೊತ್ತಿದೆಯಲ್ಲ, ಹೋಗಿ ಮಲಗು, ನಾನೇ ತಂದುಕೊಡುತ್ತೇನೆ ಎಂದೆ.

"ಕೊಟ್ಟೋರು ಯಾವಾಗ ಬೇಕಾದ್ರೂ ಕೇಳ್ಬೋದು," ಎಂದಳು. "ಕೊಡು ಅಕ್ಕ, ನಂದು ನಂಗೆ."

ಯಂತ್ರ ನಿಂತಿದ್ದರಿಂದ ಮಗು ಎಚ್ಚರವಾಗಿ ಅಳಲು ಶುರು ಮಾಡಿತು. ನಾನು ಎದ್ದು ಹೋಗುವಷ್ಟರಲ್ಲಿ ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ, ಆ ನೀಲಿ ಚಿಂದಿಗಳ ನಡುವಿನಿಂದ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಹೋಗುವಾಗ ನಾನು ಹೊಲಿಯುತ್ತಿದ್ದ ಕೋಟಿನ ತೋಳು ಉದ್ದವಾಯಿತು, ಇಲಾಖೆಯವರು ನೋಡಿ ನಗುತ್ತಾರೆ ಎಂದು ಹೇಳಿ ಹೋದಳು.